ಲಾಗ್ ಬುಕ್ ಫುಲ್, ಆದ್ರೆ ಕೈಗೆ ಕೆಲಸ ಬಂತಾ?

ಫೋಟೋದಲ್ಲಿರೋದು ನಮ್ಮ ದೊಡ್ಡಪ್ಪನ ಮಗಳ ಲಾಗ್ ಬುಕ್. ಅಕ್ಕ ಬಿಎಸ್ಸಿ ನರ್ಸಿಂಗ್ ಕೊನೇ ವರ್ಷ. ಇಂಜೆಕ್ಷನ್, ಡ್ರೆಸ್ಸಿಂಗ್, ಕ್ಯಾತಿಟರ್... ಎಲ್ಲದರ ಮುಂದೂ ಸಹಿ ಇದೆ. "ಇದ್ರಲ್ಲಿ ನೀನೇ ಮಾಡಿದ್ದು ಎಷ್ಟಕ್ಕಾ?" ಅಂದೆ. ನಕ್ಕಳು. "ಅರ್ಧ ಬರೀ ನೋಡಿದ್ದು ಕಣೇ. ಇನ್‌ಸ್ಪೆಕ್ಷನ್ ಹಿಂದಿನ ದಿನ ಒಟ್ಟಿಗೆ ಸೈನ್ ಹಾಕಿಸಿದ್ವಿ."

ಆಡಿಟಿಂಗ್‌ನಲ್ಲಿ ಓದ್ತೀವಲ್ಲ, ವೋಚರ್ ಇದ್ದ ಮಾತ್ರಕ್ಕೆ ಖರ್ಚು ನಿಜ ಅಂತಲ್ಲ. ಹಾಗೇನೇ, ಸಹಿ ಇದ್ದ ಮಾತ್ರಕ್ಕೆ ಕಲ್ತಿದ್ದಾರೆ ಅಂತಲ್ಲ.

ತರಬೇತಿ ಕೆಲಸಕ್ಕೆ ಬಂತಾ ಅಂತ ಅಳೆಯೋಕೆ ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಿದ್ರು. ನರ್ಸಿಂಗ್‌ನಲ್ಲೂ ಇದನ್ನ ಬಳಸ್ತಾರೆ. ಕೈ ತೊಳೆಯೋ ಟ್ರೈನಿಂಗನ್ನೇ ತಗೊಳ್ಳಿ:

1. ಕ್ಲಾಸ್ ಇಷ್ಟ ಆಯ್ತಾ?
2. ಪರೀಕ್ಷೇಲಿ ಸರಿಯಾಗಿ ಮಾಡಿ ತೋರಿಸಿದ್ರಾ?
3. ಮೂರು ತಿಂಗಳಾದ್ಮೇಲೂ ವಾರ್ಡಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ರ ಹೋಗೋವಾಗ ಕೈ ತೊಳೀತಿದ್ದಾರಾ?
4. ವಾರ್ಡಲ್ಲಿ ಸೋಂಕು ಕಮ್ಮಿ ಆಯ್ತಾ?

ಫೀಡ್‌ಬ್ಯಾಕ್ ಫಾರ್ಮ್ ಅನ್ನೋದು ಮೊದಲನೇ ಮೆಟ್ಟಿಲು. ಅದನ್ನ ನಾವು ಹೇಗೆ ತುಂಬ್ತೀವಿ ಅಂತ ನಮಗೇ ಗೊತ್ತು, ಎಲ್ಲದಕ್ಕೂ ಐದಕ್ಕೆ ಐದು ಕೊಟ್ಟು ಕ್ಯಾಂಟೀನ್‌ಗೆ ಓಡ್ತೀವಿ. ಪಾಸ್ ಪರ್ಸೆಂಟೇಜ್ ಎರಡನೇದು. ರೋಗಿಗೆ ಬೇಕಾಗಿರೋದು ಮೂರು ಮತ್ತೆ ನಾಲ್ಕು. ಅದಕ್ಕೆ ಸಮಯ, ದುಡ್ಡು, ಜನ ಬೇಕು. ಅದಕ್ಕೇ ಅಲ್ಲಿಗೆ ಹೋಗೋದೇ ಕಷ್ಟ.

ಹಾಗಂತ ಸೋಂಕು ಕಮ್ಮಿ ಆಗ್ಲಿಲ್ಲ ಅಂತ ನರ್ಸ್‌ನ ಬೈಯೋದೂ ತಪ್ಪು. ವಾರ್ಡಲ್ಲಿ ನಲ್ಲೀಲಿ ನೀರೇ ಬರ್ದಿದ್ರೆ? ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇದ್ರೆ? ಮಾರ್ಕೆಟ್ ಬಿದ್ದು ನಷ್ಟ ಆದ್ರೆ ಅಕೌಂಟೆಂಟ್‌ನ ಬೈದ ಹಾಗಾಗುತ್ತೆ. ಅವೇಡಿಸ್ ಡೊನಬೀಡಿಯನ್ ಅನ್ನೋ ವೈದ್ಯರು 1966ರಲ್ಲಿ ಇದಕ್ಕೊಂದು ದಾರಿ ಹೇಳಿದ್ರು: ಚಿಕಿತ್ಸೆ ಚೆನ್ನಾಗಿದ್ಯಾ ಅಂತ ನೋಡೋಕೆ ವ್ಯವಸ್ಥೆ, ಕೆಲಸ ಮಾಡೋ ರೀತಿ, ಫಲಿತಾಂಶ, ಮೂರನ್ನೂ ನೋಡ್ಬೇಕು.

ನನ್ನ ಅಭಿಪ್ರಾಯ ಇಷ್ಟೇ. ಇನ್‌ಸ್ಪೆಕ್ಷನ್‌ಗೆ ಬಂದೋರು ಸಹಿ ಎಣಿಸೋದು ಬಿಟ್ಟು ಐದೇ ಐದು ಕೆಲಸ ಆರಿಸಿ, ವಾರ್ಡಲ್ಲೇ ಮಾಡಿಸಿ ನೋಡ್ಲಿ. ಕೆಲಸಕ್ಕೆ ಸೇರಿ ಆರು ತಿಂಗಳಾದ್ಮೇಲೆ ಇನ್ನೊಂದ್ಸಲ ನೋಡ್ಲಿ. ಎಲ್ಲಿ ತಪ್ಪಾಗ್ತಿದ್ಯೋ ಅದನ್ನ ಮುಂದಿನ ಬ್ಯಾಚ್‌ಗೆ ಸರಿಯಾಗಿ ಕಲಿಸ್ಲಿ. ಶಿಕ್ಷೆ ಕೊಡೋಕಲ್ಲ. ಶಿಕ್ಷೆ ಅಂದ ತಕ್ಷಣ ಮತ್ತೆ ಸಹಿಗಳೇ ತುಂಬ್ಕೊಳ್ಳುತ್ತೆ.

ನಾಳೆ ನಿಮ್ಮಮ್ಮನಿಗೆ ಡ್ರಿಪ್ ಹಾಕೋದು ಲಾಗ್ ಬುಕ್ ಅಲ್ಲ, ಒಂದು ಕೈ. ಆ ಕೈಗೆ ಕೆಲಸ ಬರುತ್ತಾ ಅಂತ ಯಾರಾದ್ರೂ ನೋಡಿರ್ಬೇಕಲ್ವಾ?

ನರ್ಸಿಂಗ್ ಓದ್ತಿರೋ ಫ್ರೆಂಡ್ಸ್ ಇದ್ರೆ ಟ್ಯಾಗ್ ಮಾಡಿ. ನಾನು ಹೇಳಿದ್ದು ತಪ್ಪಿದ್ರೆ ಬೈರಿ, ಓದ್ತೀನಿ.