ತೊಟ್ಟಿಲಲ್ಲೇ ಕಲಿತ ವ್ಯಾಕರಣಕ್ಕೆ ಯಾವ ಪುಸ್ತಕ?

ಧಾರವಾಡ ಜಿಲ್ಲೆಯ ಕಲಘಟಗಿಯ ಮನೆಯೊಂದರ ಹೊಸ್ತಿಲಲ್ಲಿ ನಿಂತು ಐದು ವರ್ಷದ ಮಗು ಒಳಗೆ ಕೂಗಿ ಹೇಳುತ್ತದೆ: ‘ಅಪ್ಪ ಬಂದಾನ’. ಅಪ್ಪ ಬಂದು ಚಪ್ಪಲಿ ಬಿಡುತ್ತಿದ್ದಾನೆ ಎಂಬುದು ಒಳಗಿದ್ದವರಿಗೆಲ್ಲ ಗೊತ್ತಾಗುತ್ತದೆ. ಅದೇ ಮಗು ಐದಾರು ವರ್ಷದ ನಂತರ ವ್ಯಾಕರಣದ ಪುಸ್ತಕ ತೆರೆದರೆ ‘ಬಂದಾನು’ ಎಂಬ ರೂಪ ಎದುರಾಗುತ್ತದೆ. ಅದರ ಹೆಸರು ಸಂಭಾವನಾರ್ಥಕ, ಅರ್ಥ ‘ಬಂದರೂ ಬರಬಹುದು’. ಕೊನೆಯ ಒಂದೇ ಸ್ವರ ಬದಲಾಗಿ, ಬಂದ ಅಪ್ಪ ಬರಬಹುದಾದ ಅಪ್ಪನಾಗಿಬಿಟ್ಟ. ಮಗುವಿನ ಬಾಯಿಯ ರೂಪಕ್ಕೆ ಆ ಪುಸ್ತಕದಲ್ಲಿ ಹೆಸರೇ ಇಲ್ಲ. ಅದು ‘ಬಂದಿದ್ದಾನೆ’ ಎಂಬುದರ ತಪ್ಪು ಉಚ್ಚಾರ ಎಂದು ಯಾರಾದರೂ ತಿದ್ದುತ್ತಾರೆ. ಮಗು ಸುಮ್ಮನಾಗುತ್ತದೆ.

ಮನೆಯಲ್ಲೇ ಮಕ್ಕಳಿಗೆ ಕಲಿಸಲು ಹೊರಟ ತಂದೆತಾಯಿಗೆ ವ್ಯಾಕರಣದ ಪುಸ್ತಕ ಆರಿಸುವಾಗ ಎದುರಾಗುವ ನಿಜವಾದ ಪ್ರಶ್ನೆ ಈ ಹೊಸ್ತಿಲಲ್ಲೇ ಇದೆ. ಎಷ್ಟು ಪಾಠ, ಎಷ್ಟು ಅಭ್ಯಾಸ, ಬೆಲೆ ಎಷ್ಟು ಎಂಬುದೆಲ್ಲ ಆಮೇಲೆ. ಮಗು ಈಗಾಗಲೇ ಆಡುತ್ತಿರುವ ಮಾತನ್ನು ಪುಸ್ತಕ ಕೇಳಿಸಿಕೊಳ್ಳುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಮನೆಶಾಲೆ ಎಂದರೆ ಬೆಂಗಳೂರಿನ ಕೆಲವು ಕುಟುಂಬಗಳ ಆಯ್ಕೆ ಎಂಬ ಭಾವನೆಯಿದೆ. ಆದರೆ ಕರ್ನಾಟಕದ ಪ್ರತಿ ಹಳ್ಳಿಯೂ ಒಮ್ಮೆ ಅದನ್ನು ಬೇಡದೆಯೇ ಅನುಭವಿಸಿದೆ. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಶಿಕ್ಷಕರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಬಂದು ಕಲಿಸಿದ ‘ವಿದ್ಯಾಗಮ’ 2020ರ ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ನಿಂತಿತು. ಉಳಿದ ತಿಂಗಳುಗಳಲ್ಲಿ ಪುಸ್ತಕ ಹಿಡಿದು ಮಗುವಿನ ಮುಂದೆ ಕುಳಿತವರು ಅವ್ವ, ಅಕ್ಕ, ಅಜ್ಜ. ಸಂಧಿ ಬಿಡಿಸಲು ಬಾರದೆ ಹಿಂಜರಿದವರೂ ಅವರೇ, ಗಾದೆ-ಒಗಟುಗಳಲ್ಲಿ ಮಗುವಿನ ನಾಲಿಗೆ ಹರಿತ ಮಾಡಿದವರೂ ಅವರೇ.

ಕಾನೂನಿನ ಮಾತು ಚಿಕ್ಕದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಮನೆಶಾಲೆಯ ಹೆಸರನ್ನೇ ಎತ್ತುವುದಿಲ್ಲ. ಹೀಗಾಗಿ ಇದು ಇಂದಿಗೂ ಮಸುಕಾದ ಜಾಗ. ಶಾಲೆಯಿಂದ ಹೊರಗುಳಿದ ಮಗು ಯಾವಾಗ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಬಹುದು ಎಂಬ ಅವಕಾಶ ಅದೇ ಕಾಯ್ದೆಯ ನಾಲ್ಕನೇ ಸೆಕ್ಷನ್‌ನಲ್ಲಿದೆ. 14 ತುಂಬಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಸೆಕೆಂಡರಿ ಪರೀಕ್ಷೆಯಿದೆ, ಅಲ್ಲಿ ಕನ್ನಡವೂ ಒಂದು ವಿಷಯ. ಅಂದರೆ ಮನೆಯಲ್ಲಿ ಕಲಿತ ಮಗು ಒಂದಲ್ಲ ಒಂದು ದಿನ ವಿಭಕ್ತಿಯ ಕೋಷ್ಟಕದ ಮುಂದೆ ನಿಲ್ಲಲೇಬೇಕು. ಅದಕ್ಕೆ ಸಿದ್ಧಗೊಳಿಸದಿರುವುದು ಮಗುವಿಗೆ ಮಾಡುವ ಅನ್ಯಾಯ.

ಆದರೆ ಯಾವಾಗ, ಯಾವ ದಾರಿಯಿಂದ?

ಶಾಲಾ ವ್ಯಾಕರಣ ಎಂದು ನಾವು ಕರೆಯುವುದರ ಚೌಕಟ್ಟು ಬಹುಪಾಲು ಸಂಸ್ಕೃತದ್ದು. ಏಳು ವಿಭಕ್ತಿಗಳನ್ನೇ ನೋಡಿ. ಐದನೆಯದಾದ ಪಂಚಮಿಗೆ ‘ದೆಸೆಯಿಂದ’ ಎಂಬ ಪ್ರತ್ಯಯ ಕೊಟ್ಟಿದ್ದಾರೆ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಕರ್ನಾಟಕದ ಯಾವ ಊರಿನಲ್ಲಿ ಯಾರು ಹೇಳುತ್ತಾರೆ? ‘ಮರದಿಂದ ಬಿತ್ತು’ ಎನ್ನುತ್ತೇವೆ, ಕಲಘಟಗಿಯಲ್ಲಾದರೆ ‘ಗಿಡದ ಮ್ಯಾಲಿಂದ ಬಿತ್ತು’. ‘ಇಂದ’ ಎಂಬ ಒಂದೇ ಪ್ರತ್ಯಯ ತೃತೀಯೆಯ ಮತ್ತು ಪಂಚಮಿಯ ಎರಡೂ ಕೆಲಸ ಮಾಡುತ್ತಿರುವಾಗ ಇನ್ನೊಂದನ್ನು ತಂದಿಟ್ಟದ್ದು ಸಂಸ್ಕೃತದ ಮನೆ ಖಾಲಿ ಉಳಿಯಬಾರದು ಎಂಬ ಕಾರಣಕ್ಕೆ. ಕಾಲಗಳದ್ದೂ ಇದೇ ಕಥೆ. ‘ಹೋಗುತ್ತೇನೆ’ ವರ್ತಮಾನ, ‘ಹೋಗುವೆನು’ ಭವಿಷ್ಯತ್ ಎಂದು ಪುಸ್ತಕ ಹೇಳುತ್ತದೆ. ‘ನಾಳೆ ಹುಬ್ಬಳ್ಳಿಗೆ ಹೋಗ್ತೇನಿ’ ಎನ್ನುವ ಮಗು ನಾಳೆಯ ಮಾತನ್ನು ಯಾವ ಕಾಲದಲ್ಲಿ ಆಡಿತು?

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ಇಂಥ ಪ್ರಶ್ನೆಗಳನ್ನೇ ಎತ್ತಿದರು. ಅವರ ಬರವಣಿಗೆಯ ಸುಧಾರಣೆಗಳನ್ನು ಒಪ್ಪದವರು ಬಹಳ ಮಂದಿ ಇದ್ದಾರೆ. ಮಹಾಪ್ರಾಣ ಬಿಡುವ ಮಾತಿಗೆ ಬಂದ ವಿರೋಧ ಸಣ್ಣದಲ್ಲ. ಆದರೆ ಕನ್ನಡದ ವಾಕ್ಯ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದರ ಬಗ್ಗೆ ಅವರು ಮಾಡಿದ ಕೆಲಸವನ್ನು ಮನೆಯಲ್ಲಿ ಕಲಿಸುವ ಪ್ರತಿಯೊಬ್ಬರೂ ಓದಬೇಕು, ಮಗುವಿಗೆ ಹೇಳಿಕೊಡಲಿಕ್ಕಲ್ಲ, ತಮ್ಮ ಕಿವಿ ತೆರೆದುಕೊಳ್ಳಲಿಕ್ಕೆ.

ವ್ಯಾಕರಣ ಪಾಠದಿಂದ ಬರವಣಿಗೆ ಸುಧಾರಿಸುತ್ತದೆಯೇ ಎಂಬುದನ್ನು ಬೇರೆ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ನ್ಯೂಜಿಲೆಂಡ್‌ನಲ್ಲಿ ವಾರ್ವಿಕ್ ಎಲಿ ಮತ್ತು ಸಂಗಡಿಗರು ಸುಮಾರು 250 ಪ್ರೌಢಶಾಲಾ ಮಕ್ಕಳನ್ನು ಮೂರು ವರ್ಷ ಗಮನಿಸಿ 1976ರಲ್ಲಿ ವರದಿ ಪ್ರಕಟಿಸಿದರು. ಸಾಂಪ್ರದಾಯಿಕ ವ್ಯಾಕರಣ ಕಲಿತವರಿಗೂ, ವ್ಯಾಕರಣವಿಲ್ಲದೆ ಓದಿ ಬರೆದವರಿಗೂ ಬರವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ತಂಡ 2004ರ ಸುಮಾರಿಗೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಹೆಚ್ಚುಕಡಿಮೆ ಅದೇ ಮಾತು ಹೇಳಿತು. ಅದರ ಜೊತೆಗೆ ಇನ್ನೊಂದನ್ನೂ ಕಂಡಿತು: ಚಿಕ್ಕ ವಾಕ್ಯಗಳನ್ನು ಕೂಡಿಸಿ ದೊಡ್ಡ ವಾಕ್ಯ ಕಟ್ಟುವ ಅಭ್ಯಾಸ ಮಾತ್ರ ಮಕ್ಕಳ ಬರವಣಿಗೆಗೆ ನೆರವಾಗುತ್ತದೆ.

ಇವು ಇಂಗ್ಲಿಷ್ ಮಾತಿನ ಅಧ್ಯಯನಗಳು. ಕನ್ನಡಕ್ಕೆ ಹಾಗೆಹಾಗೇ ಹೊಂದಿಸಲಾಗದು. ಆದರೂ ವಾಕ್ಯ ಕೂಡಿಸುವ ಆಟಕ್ಕೆ ಕನ್ನಡದಷ್ಟು ಒಗ್ಗುವ ಭಾಷೆ ಸಿಗುವುದು ಕಷ್ಟ. ಕಲಘಟಗಿಯ ತೊಟ್ಟಿಲುಗಳನ್ನೇ ತೆಗೆದುಕೊಳ್ಳಿ. ಅರಗಿನ ಮೆರುಗು, ಗಾಢ ಬಣ್ಣ, ಅಂಚಿನಲ್ಲಿ ರಾಮಾಯಣ–ಮಹಾಭಾರತದ ಚಿತ್ರಗಳಿರುವ ಈ ಮರದ ತೊಟ್ಟಿಲುಗಳು ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿವೆ. ‘ಬಡಿಗ ತೊಟ್ಟಿಲು ಮಾಡಿದ. ಚಿತ್ರಗಾರ ಬಣ್ಣ ಹಚ್ಚಿದ. ತೊಟ್ಟಿಲು ತವರಿಂದ ಬಂತು.’ ಈ ಮೂರು ವಾಕ್ಯಗಳನ್ನು ಒಂದು ಮಾಡು ಎಂದರೆ ಎಂಟು ವರ್ಷದ ಮಗು ಹೇಳುತ್ತದೆ: ‘ಬಡಿಗ ಮಾಡಿದ, ಚಿತ್ರಗಾರ ಬಣ್ಣ ಹಚ್ಚಿದ ತೊಟ್ಟಿಲು ತವರಿಂದ ಬಂತು.’ ಇಲ್ಲಿ ‘ಯಾವ’, ‘ಅದು’ ಎಂಬ ಯಾವ ಕೊಂಡಿಯೂ ಬೇಕಾಗಲಿಲ್ಲ. ‘ಮಾಡಿದ’ ಎಂಬ ಮಾತು ವಾಕ್ಯದ ಕೊನೆಯಲ್ಲಿದ್ದಾಗ ಕೆಲಸ ಮುಗಿಸಿತ್ತು. ‘ತೊಟ್ಟಿಲು’ ಎಂಬುದರ ಹಿಂದೆ ಬಂದು ನಿಂತೊಡನೆ ತೊಟ್ಟಿಲಿನ ಗುಣ ಹೇಳತೊಡಗಿತು. ‘ಮಾಡಿ’, ‘ಮಾಡುತ್ತ’, ‘ಮಾಡಿದರೆ’, ‘ಮಾಡಿದರೂ’, ‘ಮಾಡಲು’ ಎಂದು ಒಂದೊಂದನ್ನೇ ಜೋಡಿಸಿ ನೋಡಿದರೆ ಕನ್ನಡದ ಬೆನ್ನುಮೂಳೆಯೇ ಕೈಗೆ ತಾಗುತ್ತದೆ. ಶಾಲಾ ಪುಸ್ತಕ ಇದಕ್ಕೆ ಕೃದಂತ ಎಂಬ ಹೆಸರು ಕೊಟ್ಟು, ಕೆಲವು ಉದಾಹರಣೆ ಬರೆದು ಮುಂದೆ ಸಾಗುತ್ತದೆ. ಸಂಸ್ಕೃತದ ಜಶ್ತ್ವ, ಶ್ಚುತ್ವ ಸಂಧಿಗಳಿಗೆ ಸಿಗುವ ಗೌರವ ಇದಕ್ಕಿಲ್ಲ. ಮನೆಯಲ್ಲಿ ಕಲಿಸುವವರು ಈ ಲೆಕ್ಕವನ್ನು ತಿರುಗಿಸಬೇಕು. ಒಂದು ವರ್ಷ ಪೂರ್ತಿ ಕೃದಂತಗಳೊಂದಿಗೆ ಆಡಿದರೂ ಕಾಲ ಹಾಳಾಗದು.

ಹಾಗಾದರೆ ಕೈಗೆ ಸಿಗುವ ಪುಸ್ತಕಗಳಲ್ಲಿ ಯಾವುದು? ಸರ್ಕಾರದ ಪಠ್ಯಪುಸ್ತಕ ಸಂಘದ ಕನ್ನಡ ಪಠ್ಯಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪದ್ಯ–ಗದ್ಯದ ಜೊತೆಗೇ ವ್ಯಾಕರಣ ಬರುವುದು ಅವುಗಳ ಒಳ್ಳೆಯ ಗುಣ. ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಹಲವು ತಲೆಮಾರುಗಳನ್ನು ದಾಟಿ ಬಂದ, ಖಚಿತವಾದ, ಅಚ್ಚುಕಟ್ಟಾದ ಪುಸ್ತಕ. ಹನ್ನೆರಡು–ಹದಿಮೂರು ವರ್ಷದವರೆಗೂ ಅದು ಪಾಲಕರ ಕಪಾಟಿನಲ್ಲಿರಲಿ, ಆಮೇಲೆ ಮಗುವಿನ ಮೇಜಿಗೆ ಬರಲಿ. ಮಾರುಕಟ್ಟೆಯ ಪ್ರಶ್ನೋತ್ತರ ಮಾದರಿಯ ಕೈಪಿಡಿಗಳು ಪರೀಕ್ಷೆಯ ಹಿಂದಿನ ಎರಡು ತಿಂಗಳಿಗೆ ಸಾಕು.

ಒಂದೇ ಪುಸ್ತಕ ಎಲ್ಲರಿಗೂ ಹೊಂದುತ್ತದೆ ಎಂದುಕೊಳ್ಳುವುದು ಈ ತಾಲ್ಲೂಕಿನಲ್ಲಂತೂ ದೊಡ್ಡ ತಪ್ಪು. ಅರೆಮಲೆನಾಡಿನ ಕಲಘಟಗಿಯಲ್ಲಿ ಲಂಬಾಣಿ ತಾಂಡಾಗಳಿವೆ, ಕಾಡಂಚಿನಲ್ಲಿ ಮರಾಠಿ ಆಡುವ ಗೌಳಿಗರಿದ್ದಾರೆ, ಕೊಂಕಣಿಯ ಒಂದು ಬಗೆಯನ್ನು ಆಡುವ ಸಿದ್ದಿಯರಿದ್ದಾರೆ, ಉರ್ದು ಮನೆಮಾತಿನ ಕುಟುಂಬಗಳಿವೆ. ಕನ್ನಡ ಮನೆಮಾತಿನ ಮಗುವಿಗೆ ಲಿಂಗದ ಪಾಠ ಕೇವಲ ಕಾಲಹರಣ. ಮರ, ನದಿ, ರೊಟ್ಟಿ ಎಲ್ಲವೂ ‘ಅದು’ ಎಂಬುದು ಅದಕ್ಕೆ ಮಾತು ಬಂದಾಗಲೇ ಗೊತ್ತು. ಉರ್ದುವಿನಲ್ಲಿ ರೊಟ್ಟಿ ಸ್ತ್ರೀಲಿಂಗ, ನೀರು ಪುಲ್ಲಿಂಗ. ಮರಾಠಿಯಲ್ಲಿ ಪ್ರತಿ ವಸ್ತುವಿಗೂ ಲಿಂಗ ಅಂಟಿಕೊಂಡೇ ಇದೆ. ಅಂಥ ಮನೆಯ ಮಗುವಿಗೆ ಕನ್ನಡದ ಲಿಂಗವ್ಯವಸ್ಥೆ ನಿಜವಾಗಿಯೂ ಹೊಸದು, ಅಲ್ಲಿ ನಾಲ್ಕು ದಿನ ನಿಲ್ಲಬೇಕು. ಇವರಿಗೆ ಪ್ರಥಮ ಭಾಷೆಯ ಪಠ್ಯಕ್ಕಿಂತ ದ್ವಿತೀಯ ಭಾಷೆಯ ‘ತಿಳಿ ಕನ್ನಡ’ದಿಂದ ಆರಂಭಿಸುವುದು ಒಳ್ಳೆಯದು, ಅದರಲ್ಲಿ ಅವಮಾನವೇನೂ ಇಲ್ಲ.

ಇಂಗ್ಲಿಷ್ ವ್ಯಾಕರಣದ ಚಿಂತೆ ಎಷ್ಟೋ ಮನೆಗಳಲ್ಲಿ ಕನ್ನಡದ ಚಿಂತೆಗಿಂತ ದೊಡ್ಡದು. 1930ರ ದಶಕದ ರೆನ್ ಮತ್ತು ಮಾರ್ಟಿನ್ ಪುಸ್ತಕವನ್ನು ಇಂದಿಗೂ ಏಳನೇ ವಯಸ್ಸಿಗೇ ಕೊಡಿಸುವವರಿದ್ದಾರೆ. ಕಥೆ ಕೇಳದ, ಇಂಗ್ಲಿಷ್ ಮಾತು ಕಿವಿಗೆ ಬೀಳದ ಮಗುವಿಗೆ ಆ ಪುಸ್ತಕ ಏನನ್ನೂ ಕೊಡದು. ಇಂಗ್ಲೆಂಡಿನಲ್ಲೇ 2013ರಲ್ಲಿ ಶಾಲೆಯ ಆರನೇ ವರ್ಷದ, ಅಂದರೆ ಹತ್ತು–ಹನ್ನೊಂದು ವಯಸ್ಸಿನ ಮಕ್ಕಳಿಗೆ ವ್ಯಾಕರಣ ಪರೀಕ್ಷೆ ಕಡ್ಡಾಯವಾದಾಗ ಮಕ್ಕಳ ಕವಿ ಮೈಕೆಲ್ ರೋಸೆನ್ ಅದನ್ನು ಬಿಡದೆ ವಿರೋಧಿಸುತ್ತ ಬಂದರು.

ವ್ಯಾಕರಣವನ್ನು ಮಾತಿನಿಂದ ಎತ್ತಿಕೊಳ್ಳುವುದು ಹೊಸ ಕಾಲದ ಹುಕಿ ಎಂದು ಹಿರಿಯರು ಅನುಮಾನಿಸಬಹುದು. ಹದಿಮೂರನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತದ ಚೌಕಟ್ಟನ್ನೇ ಬಳಸಿದ, ನಿಜ. ಆದರೆ ಸೂತ್ರ ಹೇಳಿ ಸುಮ್ಮನಾಗಲಿಲ್ಲ. ಪಂಪ, ಪೊನ್ನ, ಅಸಗ, ಶ್ರೀವಿಜಯರಂಥವರ ಹೆಸರು ಹೇಳಿ ಅವರ ಪ್ರಯೋಗವನ್ನು ಪ್ರಮಾಣ ಮಾಡಿಕೊಂಡ. ಬಳಕೆ ಮೊದಲು, ಸೂತ್ರ ಆಮೇಲೆ. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಿಗೆ ತಂದ ಕಿಟೆಲ್, ಧಾರವಾಡ ಸೀಮೆಯಲ್ಲಿಯೂ ಇದ್ದು ಜನರ ಮಾತಿಗೆ ಕಿವಿಕೊಟ್ಟವರು. 1903ರ ತಮ್ಮ ವ್ಯಾಕರಣದಲ್ಲಿ ಹಳೆಯ, ನಡುವಣ, ಹೊಸ ಕನ್ನಡ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರು. ಇನ್ನು ಬೇಂದ್ರೆಯವರ ಹೆಸರನ್ನು ಇಲ್ಲಿನ ಓದುಗರಿಗೆ ನೆನಪಿಸಬೇಕಾಗಿಲ್ಲ. ಧಾರವಾಡದ ಆಡುಮಾತಿನಲ್ಲೇ ಬರೆದು 1973ರ ಜ್ಞಾನಪೀಠದವರೆಗೆ ಹೋದವರು ಅವರು.

ಹಾಗೆಂದು ಗ್ರಾಂಥಿಕ ಕನ್ನಡವನ್ನು ಕೈಬಿಡಬೇಕು ಎಂದಲ್ಲ. ಪತ್ರಿಕೆ, ಅರ್ಜಿ, ಪರೀಕ್ಷೆ, ಮೈಸೂರಿನ ಗೆಳೆಯನಿಗೆ ಬರೆಯುವ ಪತ್ರ ಎಲ್ಲಕ್ಕೂ ಅದು ಬೇಕು. ಮನೆಯಲ್ಲಿ ಕಲಿಸುವವರು ಒಂದು ನೋಟ್‌ಬುಕ್ಕನ್ನು ನಡುವೆ ಗೆರೆ ಎಳೆದು ಎರಡು ಮಾಡಿದರೆ ಸಾಕು. ಎಡಕ್ಕೆ ‘ಬರಾಕತ್ತಾನ’, ಬಲಕ್ಕೆ ‘ಬರುತ್ತಿದ್ದಾನೆ’. ಎಡಕ್ಕೆ ‘ಬಂದಾನ’, ಬಲಕ್ಕೆ ‘ಬಂದಿದ್ದಾನೆ’. ಎಡದ್ದನ್ನು ಹೊಡೆದುಹಾಕುವ ಕೆಂಪು ಶಾಯಿ ಇಲ್ಲಿ ಬೇಡ. ‘ಬರಾಕತ್ತಾನ’ದಲ್ಲಿ ‘ಹತ್ತು’ ಎಂಬ ಕ್ರಿಯಾಪದ ಅಡಗಿ ಕುಳಿತಿರುವುದನ್ನು ಮಗುವೇ ಒಂದು ದಿನ ಕಂಡುಹಿಡಿಯುತ್ತದೆ. ಮುಂದೆ ಹದಿಮೂರನೇ ವಯಸ್ಸಿನಲ್ಲಿ ಹಳಗನ್ನಡದ ಸಪ್ತಮಿ ಪ್ರತ್ಯಯ ‘ಒಳ್’ ಎದುರಾದಾಗ, ಎಡಗಡೆಯ ಸಾಲಿನಲ್ಲಿ ತಾನೇ ಬರೆದಿಟ್ಟ ‘ಮನ್ಯಾಗ’ ಎಂಬುದನ್ನು ಅದು ತಿರುಗಿ ನೋಡುತ್ತದೆ: ಮನೆಯೊಳ್, ಮನೆಯೊಳಗ, ಮನ್ಯಾಗ. ಬಲಗಡೆ ಬರೆದದ್ದು ‘ಮನೆಯಲ್ಲಿ’.