ಹುಡುಗರು ಸೋಮಾರಿಗಳೆ?

ನಮ್ಮ ಮಂಗಳೂರಿನ ಕಟ್ಟೆಯ ಮೇಲೆ ಕುಳಿತರೂ ಅದೇ ಮಾತು, ಗಂಗಾವತಿಯ ಅಕ್ಕಿ ಗಿರಣಿಯ ಬಾಗಿಲಲ್ಲಿ ನಿಂತರೂ ಅದೇ ಮಾತು: "ಈಗಿನ ಹುಡುಗರಿಗೆ ದುಡಿಮೆ ಬ್ಯಾಡಾಗೇತಿ." ಹಿರಿಯ ಹಮಾಲರು ತಾವು ಕ್ವಿಂಟಲ್ ಚೀಲ ಹೊತ್ತ ಕಾಲವನ್ನು ನೆನೆಯುತ್ತಾರೆ. ಕಿರಾಣಿ ಅಂಗಡಿಯವರು ಆಳು ಮೂರು ತಿಂಗಳೂ ನಿಲ್ಲುವುದಿಲ್ಲವೆಂದು ಗೊಣಗುತ್ತಾರೆ. ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ.

ಹಿರಿಯರ ದುಡಿಮೆಗೆ ನಾವು ತಲೆಬಾಗುತ್ತೇವೆ. 1953ರಲ್ಲಿ ತುಂಗಭದ್ರೆಯ ನೀರು ಎಡದಂಡೆ ಕಾಲುವೆಗೆ ಹರಿಯಿತು. ಗಂಗಾವತಿ ಭತ್ತದ ಕಣಜವಾಯಿತು. ಆ ಕಣಜ ತುಂಬಿದ್ದು ಇವರ ಬೆನ್ನಿನ ಮೇಲೆ. ಆದರೆ ಬೆನ್ನು ಮುರಿಯುವ ಭಾರ ಹೊರುವುದೇ ದೊಡ್ಡ ಗುಣವೆಂಬುದನ್ನು ನಾವು ಒಪ್ಪಲಾರೆವು. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು. ಅಪ್ಪನ ಸವೆದ ಮೊಣಕಾಲು ನೋಡಿ ಬೆಳೆದ ಮಗ ಕ್ವಿಂಟಲ್ ಚೀಲಕ್ಕೆ ಹೆಗಲು ಕೊಡದಿದ್ದರೆ ಅದು ಸೋಮಾರಿತನವಲ್ಲ, ತಿಳಿವಳಿಕೆ.

ಇನ್ನು ನಿಷ್ಠೆಯ ಮಾತು. ಹಿಂದಿನವರು ಒಂದೇ ಗಿರಣಿಯಲ್ಲಿ ಇಪ್ಪತ್ತು ವರ್ಷ ಕಳೆದರು. 1972ರ ಕಾಯಿದೆಯಂತೆ ಐದು ವರ್ಷ ತುಂಬಿದ ಖಾಯಂ ಕೆಲಸಗಾರನಿಗೆ ಗ್ರಾಚುಯಿಟಿಯ ಹಕ್ಕು ಬಂತು. ಇಂದು ಗಿಣಿಗೇರಿಯ ಸುತ್ತಲಿನ ಕಾರ್ಖಾನೆಗೆ ಗುತ್ತೇದಾರನ ಕೈಕೆಳಗೆ ಹೋಗುವ ಹುಡುಗನ ಲೆಕ್ಕ ಬೇರೆ. ಗುತ್ತೇದಾರ ಬದಲಾದರೆ ಅವನ ಸರ್ವಿಸು ಮತ್ತೆ ಒಂದರಿಂದ ಶುರು. ಗುತ್ತಿಗೆ ಕಾರ್ಮಿಕರ 1970ರ ಕಾಯಿದೆ 20 ಆಳುಗಳಿರುವಲ್ಲಿ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಆ ಮಿತಿಯನ್ನು 50ಕ್ಕೆ ಏರಿಸಿದೆ. ಕೆಲಸವೇ ತಾತ್ಕಾಲಿಕ, ನಿಷ್ಠೆ ಮಾತ್ರ ಖಾಯಂ ಇರಬೇಕೆಂದರೆ ಯಾವ ನ್ಯಾಯ?

ಇಷ್ಟರ ಮೇಲೆ ಉಪದೇಶ ಬೇರೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್‌ನ ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದರು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿದ್ದು ಸೋಮಾರಿಗಳಿಗಾಗಿ ಅಲ್ಲ, ಮನುಷ್ಯರಿಗಾಗಿ.

ಬಜಾರಿನ ಮಿತ್ರರಿಗೂ ಒಂದು ಮಾತು. ಅಂಗಡಿಯ ಆಳಿಗೆ ವಾರದ ರಜೆ ಕೊಡಬೇಕೆಂದು 1961ರ ಕರ್ನಾಟಕದ ಕಾಯಿದೆ ಹೇಳುತ್ತದೆ. ಅದನ್ನು ಕೊಟ್ಟು, ಗೊತ್ತಾದ ದಿನ ಪಗಾರ ಎಣಿಸಿ ನೋಡಿ. ಹುಡುಗ ನಿಲ್ಲುತ್ತಾನೋ ಇಲ್ಲವೋ ಆಮೇಲೆ ಮಾತಾಡೋಣ. ಗುತ್ತಿಗೆಯವನ ಪಗಾರ ತಪ್ಪಿದ ತಿಂಗಳು ನಿಮ್ಮ ಉದ್ರಿ ಪುಸ್ತಕವೂ ದಪ್ಪವಾಗುತ್ತದೆಂಬುದನ್ನು ಮರೆಯಬೇಡಿ.

ಹುಡುಗರಲ್ಲಿ ತಪ್ಪೇ ಇಲ್ಲವೆಂದು ನಾವು ಹೇಳುವುದಿಲ್ಲ. ಮುಂಗಡ ಪಡೆದು ಹೇಳದೆ ಹೋಗುವವರಿದ್ದಾರೆ. ಅದಕ್ಕಿಂತ ದೊಡ್ಡ ತಪ್ಪು, ಸಂಘದ ಸಭೆ ಎಂದರೆ ಮೊಬೈಲು ಹಿಡಿದು ಹಿಂದೆ ಸರಿಯುವುದು. ಒಬ್ಬನೇ ಕೆಲಸ ಬಿಟ್ಟರೆ ಮಾಲೀಕನಿಗೆ ಇನ್ನೊಬ್ಬ ಸಿಗುತ್ತಾನೆ; ಹತ್ತು ಜನ ಕೂಡಿ ಕೇಳಿದರೆ ಉತ್ತರ ಕೊಡಬೇಕಾಗುತ್ತದೆ.

ಆದರೆ ಹಿರಿಯರೂ ಎದೆ ಮುಟ್ಟಿಕೊಳ್ಳಲಿ. ಗುತ್ತಿಗೆ ಪದ್ಧತಿ ಒಳನುಗ್ಗಿದಾಗ "ನಮ್ಮ ಖಾಯಂ ಉಳಿದರೆ ಸಾಕು" ಎಂದು ಸುಮ್ಮನಿದ್ದವರಲ್ಲಿ ನಾವೂ ಇದ್ದೆವು. ಆ ಮೌನದ ಬೆಲೆಯನ್ನು ಇಂದು ನಮ್ಮ ಮಕ್ಕಳು ತೆರುತ್ತಿದ್ದಾರೆ. ಅವರನ್ನು ಸೋಮಾರಿಗಳೆಂದು ಹಳಿದರೆ ಹಿಗ್ಗುವವನು ಮಾಲೀಕನೊಬ್ಬನೇ. ಬರುವ ಸಭೆಗೆ ಪ್ರತಿಯೊಬ್ಬ ಹಿರಿಯನೂ ಒಬ್ಬ ಹುಡುಗನನ್ನು ಕರೆದು ತರಲಿ. ಮೊದಲ ಮಾತು ಆ ಹುಡುಗನೇ ಆಡಲಿ.