ನನ್ನನ್ನು ಬೆಂಚಿನ ಮೇಲೆ ಕೂರಿಸಬೇಡಿ

ಕಳೆದ ವರ್ಷ ಜುಲೈ ತಿಂಗಳ ಒಂದು ಶನಿವಾರ. ಬೆಳಿಗ್ಗೆ ಸುರಿದ ಮಳೆ ನಿಂತಿತ್ತು. ಪಿ.ಟಿ. ಪೀರಿಯಡ್ ಬೆಲ್ ಆದ ಕೂಡಲೇ ನಮ್ಮ ತರಗತಿಯ ಹುಡುಗಿಯರೆಲ್ಲ ಥ್ರೋಬಾಲ್ ಅಂಗಳಕ್ಕೆ ಓಡಿದರು. ನಾನೂ ಶಾಲಿಗೆ ಪಿನ್ ಹಾಕಿಕೊಂಡು ಹೊರಟೆ. ಅಷ್ಟರಲ್ಲಿ ಹಿಂದಿನಿಂದ ಕರೆ ಬಂತು: "ನೀನು ಬೇಡಮ್ಮಾ. ನಿನಗೆ ಶುಗರ್ ಅಲ್ವಾ? ಅಲ್ಲಿ ಬೆಂಚಲ್ಲಿ ಕೂತ್ಕೋ." ಆ ಮಾತಿನಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಕೋಪವಾಗಿದ್ದರೆ ಎದುರು ಮಾತಾಡಬಹುದಿತ್ತೋ ಏನೋ. ಕನಿಕರಕ್ಕೆ ಏನು ಉತ್ತರ ಕೊಡುವುದು? ಹೋಗಿ ಕೂತೆ. ಹೈಸ್ಕೂಲಿನಲ್ಲಿ ಎರಡು ವರ್ಷ ಕೂತ ಬೆಂಚೇ ನನ್ನ ಹಿಂದೆ ಪಿಯುಸಿಗೂ ಬಂದ ಹಾಗಾಯಿತು.

ಈ ಲೇಖನ ಬರೆಯಲು ಆ ಬೆಂಚೇ ಕಾರಣ. ಟೈಪ್ 1 ಮಧುಮೇಹ ಇರುವವರಿಗೆ ಆಟ, ಓಟ, ವ್ಯಾಯಾಮ ಇವು ಉಳಿದವರಿಗಿಂತ ಹೆಚ್ಚು ಬೇಕು, ಕಡಿಮೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಸುತ್ತಮುತ್ತಲಿನವರು ಸ್ವಲ್ಪ ತಿಳಿದುಕೊಂಡರೆ ಅದು ಅಪಾಯವಿಲ್ಲದೆ ಸಾಧ್ಯ. ತಿಳಿದುಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ. ಅದನ್ನೂ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳುವಳಿಕೆ ಸರಿಪಡಿಸುತ್ತೇನೆ. ನನಗೆ ಶುಗರ್ ಇದೆ ಎಂದು ಗೊತ್ತಾದ ಕೂಡಲೇ ಸಂಬಂಧಿಕರು ಹೇಳುವ ಗಾದೆ "ಊಟ ಬಲ್ಲವನಿಗೆ ರೋಗವಿಲ್ಲ". ಅಂದರೆ ನಾನು ಸಿಹಿ ತಿಂದು ತಿಂದು ಈ ಕಾಯಿಲೆ ತಂದುಕೊಂಡೆ ಎಂದು ಅರ್ಥ. ಟೈಪ್ 1 ಹಾಗೆ ಬರುವುದಲ್ಲ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಅಜ್ಜ ಅಜ್ಜಿಯರಿಗೆ ಸಾಮಾನ್ಯವಾಗಿ ಬರುವ ಟೈಪ್ 2ರಲ್ಲಿ ಮಾತ್ರೆ, ಪಥ್ಯ, ನಡಿಗೆಯಿಂದ ಎಷ್ಟೋ ಕಾಲ ಸುಧಾರಿಸಬಹುದು. ನನಗೆ ಇನ್ಸುಲಿನ್ ಬಿಟ್ಟರೆ ಬೇರೆ ದಾರಿಯಿಲ್ಲ. ದಿನಕ್ಕೆ ನಾಲ್ಕು ಚುಚ್ಚುಮದ್ದು, ಉಪವಾಸವಿರಲಿ, ಪರೀಕ್ಷೆಯಿರಲಿ, ಮದುವೆಯಿರಲಿ.

ಒಂಬತ್ತನೇ ತರಗತಿಯಲ್ಲಿದ್ದಾಗ ವಿಪರೀತ ಬಾಯಾರಿಕೆ ಶುರುವಾಯಿತು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಒಂದೇ ತಿಂಗಳಲ್ಲಿ 41 ಕಿಲೋ ಇದ್ದವಳು 34ಕ್ಕೆ ಇಳಿದೆ. ಇನ್ಸುಲಿನ್ ಶುರು ಮಾಡಿದ ಮೇಲೆ ತೂಕ ಮರಳಿ ಬಂತು, ಬಂದದ್ದು ನಿಲ್ಲಲಿಲ್ಲ. ಪ್ರಥಮ ಪಿಯುಸಿಗೆ ಸೇರುವಾಗ 62 ಕಿಲೋ. ಆಟವಿಲ್ಲ, ಓಟವಿಲ್ಲ, ಶುಗರ್ ಇಳಿದೀತು ಎಂಬ ಹೆದರಿಕೆಯಿಂದ ಉಮ್ಮ ಗಂಟೆಗೊಮ್ಮೆ ಏನಾದರೂ ತಿನ್ನಿಸುತ್ತಿದ್ದರು. ದಪ್ಪವಾಗದೆ ಇನ್ನೇನು? ಮೊದಲು "ಪಾಪ, ಎಷ್ಟು ಸೊರಗಿದ್ದಾಳೆ" ಎಂದವರೇ ಈಗ "ಏನಮ್ಮಾ, ಇಷ್ಟು ದಪ್ಪ?" ಎನ್ನತೊಡಗಿದರು.

ಆಗ ನಾನೊಂದು ದೊಡ್ಡ ತಪ್ಪು ಮಾಡಿದೆ. ಕಳೆದ ಡಿಸೆಂಬರ್‌ನಲ್ಲಿ ಚಿಕ್ಕಮ್ಮನ ಮಗಳ ನಿಖಾ ಇತ್ತು. ಹೊಲಿಸಿದ ಬಟ್ಟೆ ಬಿಗಿಯಾಗುತ್ತಿತ್ತು. ಇನ್ಸುಲಿನ್ ಕಡಿಮೆಯಾದಾಗ ತೂಕ ಇಳಿದದ್ದು ನೆನಪಿತ್ತು. ಯಾರಿಗೂ ಹೇಳದೆ ಚುಚ್ಚುಮದ್ದು ತಪ್ಪಿಸತೊಡಗಿದೆ. ಎರಡು ವಾರದಲ್ಲಿ ನಾಲ್ಕು ಕಿಲೋ ಇಳಿಯಿತು. ಎಲ್ಲರೂ ಹೊಗಳಿದರು. ಮದುವೆಯ ಮಾರನೇ ದಿನ ವಾಂತಿ, ಹೊಟ್ಟೆನೋವು, ಏದುಸಿರು. ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ. ಎರಡು ದಿನ ಐಸಿಯುನಲ್ಲಿದ್ದೆ. ಇದಕ್ಕೆ ಕೀಟೋ ಆಸಿಡೋಸಿಸ್ ಎನ್ನುತ್ತಾರೆ. ಇನ್ನೂ ಸ್ವಲ್ಪ ತಡವಾಗಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟು ಸಕ್ಕರೆಯಿದ್ದರೂ ಅದು ಮಾಂಸಖಂಡದ ಕೋಶಗಳಿಗೆ ಸಿಗುವುದಿಲ್ಲ. ಸಕ್ಕರೆಯ ಮಟ್ಟ ಸುಮಾರು 180 ದಾಟಿದರೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹಸಿದ ದೇಹ ತನ್ನದೇ ಸ್ನಾಯುಗಳನ್ನು ಕರಗಿಸುತ್ತದೆ. ಕೊಬ್ಬನ್ನು ಅವಸರದಲ್ಲಿ ಸುಡಲು ಹೋಗಿ ರಕ್ತವನ್ನು ಆಮ್ಲೀಯವಾಗಿಸುತ್ತದೆ. "ನೀನು ತೂಕ ಇಳಿಸಿಕೊಂಡದ್ದಲ್ಲ, ನಿನ್ನ ದೇಹ ಕರಗಿ ಹರಿದುಹೋದದ್ದು" ಎಂದರು. ಇಳಿದ ನಾಲ್ಕರಲ್ಲಿ ಮೂರು ಕಿಲೋ ಡ್ರಿಪ್ ಹಾಕಿದ ಒಂದೇ ವಾರದಲ್ಲಿ ಮರಳಿ ಬಂತು. ಇದು ನನ್ನೊಬ್ಬಳ ಹುಚ್ಚು ಎಂದುಕೊಂಡಿದ್ದೆ. ಟೈಪ್ 1 ಇರುವ ಹದಿಹರೆಯದವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಇದು ಎಷ್ಟು ಕಡೆ ಕಂಡುಬರುತ್ತದೆಂದರೆ ಇದಕ್ಕೆ ಡಯಾಬುಲಿಮಿಯ ಎಂಬ ಹೆಸರೇ ಇದೆ.

ಚರಿತ್ರೆಯಲ್ಲಿ ಒಬ್ಬ ಹುಡುಗಿಯ ಕಥೆ ಇದೆ. ಎಲಿಜಬೆತ್ ಹ್ಯೂಸ್, ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು. 1919ರಲ್ಲಿ, 11ರ ವಯಸ್ಸಿನಲ್ಲಿ ಅವಳಿಗೆ ಮಧುಮೇಹ ಪತ್ತೆಯಾಯಿತು. ಆಗ ಇನ್ಸುಲಿನ್ ಇರಲಿಲ್ಲ, ಅರೆಹೊಟ್ಟೆ ಇಡುವುದೊಂದೇ ಚಿಕಿತ್ಸೆ. 1922ರ ಆಗಸ್ಟಿನಲ್ಲಿ ಟೊರಾಂಟೊದಲ್ಲಿ ಡಾ. ಬ್ಯಾಂಟಿಂಗ್ ಅವರ ಬಳಿ ಬಂದಾಗ ಅವಳ ತೂಕ ಸುಮಾರು 20 ಕಿಲೋ. ಹೊಸದಾಗಿ ಕಂಡುಹಿಡಿದಿದ್ದ ಇನ್ಸುಲಿನ್ ಅವಳನ್ನು ಉಳಿಸಿತು. 1981ರವರೆಗೆ ಬದುಕಿದಳು. ಅವಳು ಕಾದು ಕಾದು ಪಡೆದ ಔಷಧವನ್ನು ನಾನು ಫ್ರಿಜ್ಜಿನಲ್ಲಿಟ್ಟುಕೊಂಡೂ ಬಿಟ್ಟಿದ್ದೆ. ಇದನ್ನು ಓದಿದಾಗ ನಾಚಿಕೆಯಾಯಿತು.

ಹಾಗಾದರೆ ಸರಿಯಾದ ದಾರಿ ಯಾವುದು? ಆಸ್ಪತ್ರೆಯಿಂದ ಬಂದ ಮೇಲೆ ಡಾಕ್ಟರ್ ಮತ್ತು ಡಯಟಿಷಿಯನ್ ಜೊತೆ ಕೂತು ಲೆಕ್ಕ ಹಾಕಿದೆವು. ನಮಗೆ ತೂಕ ಇಳಿಸುವುದು ಕಷ್ಟವಾಗಲು ಒಂದು ವಿಚಿತ್ರ ಕಾರಣವಿದೆ. ನಡೆದರೆ ಶುಗರ್ ಇಳಿಯುತ್ತದೆ. 70ಕ್ಕಿಂತ ಕೆಳಗೆ ಹೋದರೆ ಕೈ ನಡುಗುತ್ತದೆ, ಬೆವರುತ್ತದೆ, ಕಣ್ಣು ಮಂಜಾಗುತ್ತದೆ. ಆಗ ಬರುವ ಹಸಿವು ಸಾಮಾನ್ಯ ಹಸಿವಲ್ಲ. ನಾನು ಒಂದು ಪ್ಯಾಕೆಟ್ ಬಿಸ್ಕತ್ತು, ಎರಡು ಬಾಳೆಹಣ್ಣು, ಮೇಲೊಂದು ಗ್ಲಾಸ್ ಶರಬತ್ತು ಎಲ್ಲ ಮುಗಿಸುತ್ತಿದ್ದೆ. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 120ರಿಂದ 150 ಕ್ಯಾಲರಿ. ನಾನು ತಿನ್ನುತ್ತಿದ್ದದ್ದು ಅದರ ಮೂರ್ನಾಲ್ಕು ಪಟ್ಟು. ನಡೆದಷ್ಟೂ ದಪ್ಪ!

ನಿಜವಾಗಿ ಬೇಕಾದದ್ದು 15 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು ಮೂರು ಚಮಚ ಸಕ್ಕರೆ. ಅದು 60 ಕ್ಯಾಲರಿ ಅಷ್ಟೇ. ತಿಂದು 15 ನಿಮಿಷ ಕಾದು ಮತ್ತೆ ಪರೀಕ್ಷೆ ಮಾಡಬೇಕು. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಆ 15 ನಿಮಿಷ ಕಾಯುವುದೇ ನಾನು ಕಲಿತ ಅತ್ಯಂತ ಕಷ್ಟದ ವ್ಯಾಯಾಮ. ಶುಗರ್ ಇಳಿದ ಮೇಲೆ ತಿನ್ನುವುದಕ್ಕಿಂತ ಇಳಿಯದಂತೆ ನೋಡಿಕೊಳ್ಳುವುದು ಇನ್ನೂ ಉತ್ತಮ. ಸಂಜೆ ನಡೆಯುವುದಿದ್ದರೆ ಅದಕ್ಕೆ ಮೊದಲಿನ ಊಟದ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕೆಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಇದಕ್ಕೂ ನಾನು ಮೊದಲು ಮಾಡಿದ್ದಕ್ಕೂ ಬಹಳ ವ್ಯತ್ಯಾಸವಿದೆ. ಅದು ಕದ್ದುಮುಚ್ಚಿ ತಪ್ಪಿಸಿದ್ದು, ಇದು ವೈದ್ಯರು ಅಳೆದುಕೊಟ್ಟದ್ದು. ಪ್ರತಿಯೊಬ್ಬರ ಅಳತೆ ಬೇರೆ. ಆದ್ದರಿಂದ ನನ್ನ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ.

ಮೈದಾನಕ್ಕೆ ಇಳಿಯುವ ಮೊದಲು ಶುಗರ್ ನೋಡುತ್ತೇನೆ. 90ಕ್ಕಿಂತ ಕಡಿಮೆಯಿದ್ದರೆ ಸ್ವಲ್ಪ ತಿಂದು, ಏರಿದ ಮೇಲೆ ಹೊರಡುತ್ತೇನೆ. 250 ದಾಟಿದ್ದರೆ ಕೀಟೋನ್ ಪರೀಕ್ಷೆ ಮಾಡುತ್ತೇನೆ. ಕೀಟೋನ್ ಇದ್ದರೆ ಅಂದು ಆಟವಿಲ್ಲ. ಓಡುವ ದಿನ ತೊಡೆಗೆ ಚುಚ್ಚಿಕೊಳ್ಳುವುದಿಲ್ಲ, ಏಕೆಂದರೆ ಓಡುವ ಕಾಲಿನಿಂದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ನಡಿಗೆ, ನಿಧಾನದ ಓಟ ಶುಗರನ್ನು ಇಳಿಸಿದರೆ 100 ಮೀಟರ್ ಓಟದಂಥ ಬಿರುಸಿನ ಕೆಲಸ ಕೆಲವೊಮ್ಮೆ ಏರಿಸುತ್ತದೆ. ಅಡ್ರಿನಲಿನ್ ಹಾರ್ಮೋನು ಯಕೃತ್ತಿನಿಂದ ಸಕ್ಕರೆ ಹೊರಡಿಸುವುದೇ ಕಾರಣ. ಮುಖ್ಯವಾದ ಇನ್ನೊಂದು ವಿಷಯವೆಂದರೆ ವ್ಯಾಯಾಮದ ಪರಿಣಾಮ ಅಲ್ಲಿಗೇ ಮುಗಿಯುವುದಿಲ್ಲ. 24 ಗಂಟೆಯವರೆಗೂ ಶುಗರ್ ಇಳಿಯಬಹುದು, ನಿದ್ದೆಯಲ್ಲೂ. ಆಟವಾಡಿದ ದಿನ ಮಲಗುವ ಮೊದಲು ತಪ್ಪದೆ ಪರೀಕ್ಷೆ ಮಾಡುತ್ತೇನೆ.

ಊಟದಲ್ಲಿ ಏನನ್ನೂ ಪೂರ್ತಿ ಬಿಟ್ಟಿಲ್ಲ, ಅಳತೆ ಕಲಿತಿದ್ದೇನೆ. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅದು ಕುಚ್ಚಲಕ್ಕಿಯಾದರೂ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಮೀನು, ಮೊಟ್ಟೆ, ತರಕಾರಿ ಹೆಚ್ಚಾಯಿತು. ಸಂಜೆಯ ಗೋಳಿಬಜೆ ವಾರಕ್ಕೊಮ್ಮೆಯಾಯಿತು. ರಂಝಾನ್ ತಿಂಗಳಲ್ಲಿ ಉಪವಾಸ ಹಿಡಿದರೆ ತೂಕ ಇಳಿಯುತ್ತದಲ್ಲಾ ಎಂದು ಗೆಳತಿಯೊಬ್ಬಳು ಕೇಳಿದಳು. ಉಪವಾಸ ಇರುವುದು ಅದಕ್ಕಲ್ಲ. ಅಲ್ಲದೆ ಅನಾರೋಗ್ಯವಿರುವವರಿಗೆ ದೀನ್‌ನಲ್ಲೇ ವಿನಾಯಿತಿ ಇದೆ. ನನ್ನ ಡಾಕ್ಟರ್ ಬೇಡ ಎಂದಿದ್ದಾರೆ. ಆ ವಿನಾಯಿತಿಯನ್ನು ನಾಚಿಕೆಯಿಲ್ಲದೆ ತೆಗೆದುಕೊಳ್ಳಲು ಕಲಿಯುವುದೂ ಆರೋಗ್ಯದ ಒಂದು ಭಾಗ. ಆ ತಿಂಗಳು ನನ್ನ ಕೈಯಲ್ಲಿ ನೀರಿನ ಬಾಟಲಿ ಕಂಡರೆ ದಯವಿಟ್ಟು ಕಾರಣ ಕೇಳಬೇಡಿ.

"ಇಷ್ಟೆಲ್ಲ ರಗಳೆ ಯಾಕೆ, ಸುಮ್ಮನೆ ಕೂರಬಾರದೇ?" ಎನ್ನುವವರಿಗೆ ಇಬ್ಬರ ಹೆಸರು ಹೇಳುತ್ತೇನೆ. ವಾಸಿಂ ಅಕ್ರಂ ಅವರಿಗೆ 1997ರಲ್ಲಿ ಟೈಪ್ 1 ಪತ್ತೆಯಾಯಿತು. ಅವರು ಬೆಂಚಿನಲ್ಲಿ ಕೂರಲಿಲ್ಲ. 1999ರ ವಿಶ್ವಕಪ್‌ನಲ್ಲಿ ತಮ್ಮ ತಂಡವನ್ನು ನಾಯಕರಾಗಿ ಫೈನಲ್‌ಗೆ ಕೊಂಡೊಯ್ದರು. 2003ರಲ್ಲಿ ಏಕದಿನ ಕ್ರಿಕೆಟ್‌ನಲ್ಲಿ 500 ವಿಕೆಟ್ ಪಡೆದ ಮೊದಲ ಬೌಲರ್ ಆದರು. ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಜೂನಿಯರ್‌ಗೆ 1999ರಲ್ಲಿ ಪತ್ತೆಯಾಯಿತು. ಮರುವರ್ಷವೇ ಸಿಡ್ನಿ ಒಲಿಂಪಿಕ್ಸ್‌ನ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ, 2004ರಲ್ಲಿ ಅಥೆನ್ಸ್‌ನಲ್ಲಿ ಮತ್ತೆ ಚಿನ್ನ. ನಾನು ಅಕ್ರಂ ಆಗಬೇಕಿಲ್ಲ. ಥ್ರೋಬಾಲ್ ಆಡಿದರೆ ಸಾಕು.

ನನ್ನನ್ನು ಕೂರಿಸಿದವರ ಭಯವೂ ನನಗೆ ಅರ್ಥವಾಗುತ್ತದೆ. ಮೈದಾನದಲ್ಲಿ ವಿದ್ಯಾರ್ಥಿನಿ ಕುಸಿದು ಬಿದ್ದರೆ ಹೊಣೆ ಯಾರದು? ಆ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರವಾಗಿ ಬೆಂಚು ಬೇಡ, ಸಿದ್ಧತೆ ಇರಲಿ. ಕೂತಲ್ಲಿಯೂ ಶುಗರ್ ಇಳಿಯುತ್ತದೆ, ಗಣಿತದ ತರಗತಿಯಲ್ಲೂ ಇಳಿದಿದೆ. ಆದ್ದರಿಂದ ನಮ್ಮ ಕಾಲೇಜಿನಲ್ಲಿ ನಾಲ್ಕು ವಿಷಯಗಳನ್ನು ಕೇಳುತ್ತೇನೆ.

ಒಂದು, ಗ್ಲುಕೋಮೀಟರ್, ಇನ್ಸುಲಿನ್ ಪೆನ್ನು, ಗ್ಲೂಕೋಸ್ ನಮ್ಮ ಬ್ಯಾಗಿನಲ್ಲೇ ಇರಲಿ, ತರಗತಿಯಲ್ಲೂ ಪರೀಕ್ಷಾ ಕೊಠಡಿಯಲ್ಲೂ. ಸಿಬಿಎಸ್‌ಇ ಮಂಡಳಿ 2017ರಲ್ಲೇ ಟೈಪ್ 1 ಇರುವ ವಿದ್ಯಾರ್ಥಿಗಳಿಗೆ ಪರೀಕ್ಷಾ ಕೊಠಡಿಯೊಳಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಲು ಅನುಮತಿ ಕೊಟ್ಟಿದೆ. ನಮ್ಮ ಕಿರುಪರೀಕ್ಷೆಗಳಲ್ಲಿ ಅದು ಕಷ್ಟವಾಗಬಾರದು. ಎರಡು, ಪಿ.ಟಿ. ಕೊಠಡಿಯಲ್ಲಿ ಒಂದು ಡಬ್ಬಿ ಗ್ಲೂಕೋಸ್ ಪುಡಿ ಇರಲಿ. ಮೂರು, ನಡುಗುವ ಗೆಳತಿಗೆ ಪ್ರಜ್ಞೆ ಇದ್ದರೆ ಸಿಹಿ ಕೊಡಬೇಕು, ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಒಂದು ಬದಿಗೆ ಮಲಗಿಸಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು ಎಂಬಷ್ಟು ಎಲ್ಲರಿಗೂ ಗೊತ್ತಿರಲಿ. ನಾಲ್ಕು, ನಮ್ಮ ದೇಹದ ಬಗ್ಗೆ ಕಾಮೆಂಟ್ ಬೇಡ. ಸೊರಗಿದರೂ ಬೇಡ, ದಪ್ಪವಾದರೂ ಬೇಡ. ನಾನು ಕೇಳಿದ ಹೊಗಳಿಕೆ ನನ್ನನ್ನು ಎಲ್ಲಿಗೆ ತಲುಪಿಸಿತೆಂದು ಮೇಲೆ ಬರೆದಿದ್ದೇನೆ.

ಇದನ್ನು ಬರೆಯುತ್ತೇನೆಂದಾಗ ಉಮ್ಮ ತಡೆದರು. "ಹೊರಗೆ ಹೇಳಬೇಡ, ನಾಳೆ ಸಂಬಂಧ ಬರುವಾಗ ತೊಂದರೆಯಾಗುತ್ತದೆ." ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಇನ್ಸುಲಿನ್ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ ಅಡಗಿರುವುದು ಈ ಕಾರಣಕ್ಕೇ. ಆದರೆ ಮುಚ್ಚಿಟ್ಟಾಗಲೇ ನಾನು ಸಾಯುವ ಹಂತಕ್ಕೆ ಹೋದದ್ದು ಎಂದೆ. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಹಾಕಬೇಡ" ಎಂದರು. ಆ ಒಪ್ಪಂದದ ಪ್ರಕಾರ ಇಲ್ಲಿ ನನ್ನ ಹೆಸರಿಲ್ಲ. ನನ್ನ ತರಗತಿಯವರಿಗೆ ಹೇಗೂ ಗೊತ್ತು.

ಎಂಟು ತಿಂಗಳಲ್ಲಿ 62ರಿಂದ 56 ಕಿಲೋಗೆ ಬಂದಿದ್ದೇನೆ, ಒಂದು ಡೋಸ್ ಇನ್ಸುಲಿನ್ ಕೂಡ ತಪ್ಪಿಸದೆ. ಉಮ್ಮ ಈಗ ಅಸರ್ ನಮಾಝ್ ಮುಗಿಸಿ ನನ್ನ ಜೊತೆ ಅರ್ಧ ಗಂಟೆ ನಡೆಯುತ್ತಾರೆ. ಅವರ ಮಂಡಿನೋವೂ ಕಡಿಮೆಯಾಗಿದೆಯಂತೆ. ಕಳೆದ ತಿಂಗಳು ಪಿ.ಟಿ. ಸರ್ ಅವರಿಗೆ ಡಾಕ್ಟರ್ ಕೊಟ್ಟ ಚೀಟಿ ತೋರಿಸಿದೆ. ಪೂರ್ತಿ ಓದಿ, ಎರಡು ಪ್ರಶ್ನೆ ಕೇಳಿ, ಒಂದು ಪ್ರತಿ ಇಟ್ಟುಕೊಂಡರು. ಈ ಸಲದ ಕ್ರೀಡಾಕೂಟದ 400 ಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಬಹುಮಾನ ಬರುವ ಭರವಸೆಯೇನೂ ಇಲ್ಲ. ಓಡುವಾಗ ನನ್ನ ಕಿಸೆಯಲ್ಲಿ ಗ್ಲೂಕೋಸ್ ಪ್ಯಾಕೆಟ್ ಇರುತ್ತದೆ. ನಾನು ನಡುವೆ ನಿಂತು ಅದನ್ನು ಬಾಯಿಗೆ ಹಾಕಿಕೊಂಡರೆ ಗಾಬರಿಯಾಗಬೇಡಿ. 15 ನಿಮಿಷ ಕೊಡಿ, ಅಷ್ಟು ಸಾಕು.

– ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ